ಬಾಯವ್ವನ ಬಂಬದ ನಳ

ಹೋಳಿ ಹುಣ್ಣಿಮೆ ಕಳೆದು ಮೂರನೇ ದಿವಸ, ಹೊತ್ತು ನೆತ್ತಿ ಬಿಟ್ಟು ಪಡುವಣಕ್ಕೆ ಒಂದು ಮಾರು ಜಾರಿದ ಮೇಲೆ ಆ ಗಾಡಿ ಬಂತು. ತೊಂಬತ್ತೇಳನೇ ಇಸವಿಯ ಬೇಸಿಗೆ. ಬೈಲಹೊಂಗಲದಲ್ಲಿ ಆ ಹೊತ್ತಿಗೆ ನಾಯಿ ಸುದ್ದಾ ಅಡ್ಡಾಡುವುದಿಲ್ಲ. ನಾನು ಶೆಡ್ಡಿನ ಮುಂದಿನ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಅಡ್ಡಾಗಿದ್ದೆ. ಬೇವಿನ ಹೂವು ಒಂದೊಂದೇ ಎದೆ ಮೇಲೆ ಉದುರುತ್ತಿದ್ದವು. ಸವದತ್ತಿ ರಸ್ತೆಯ ಮೇಲೆ ಬಿಸಿಲುಗುದುರೆ ಕುಣಿಯುತ್ತಿತ್ತು. ದೂರದಿಂದ ನೋಡಿದರೆ ರಸ್ತೆ ತುಂಬ ನೀರು ನಿಂತಂತೆ. ಆ ನೀರಿನೊಳಗಿಂದ ಹಾಲಿನ ಬಣ್ಣದ ಒಂದು ಮನೆ ಎದ್ದು, ಕಿಡಕಿಗೆ ಪರದೆ ಕಟ್ಟಿಕೊಂಡು, ಸಾವಕಾಶ ನನ್ನ ಕಡೆಗೇ ತೇಲಿ ಬಂತು. ಕನಸು ಅಂತ ಕಣ್ಣು ಮುಚ್ಚಿದೆ. ಮುಚ್ಚಿದರೂ ಸಪ್ಪಳ ನಿಲ್ಲಲಿಲ್ಲ.

ನನ್ನ ಹೆಸರು ಉಳವಪ್ಪ. ಸಾಲಿ ಮೂರನೇ ಇಯತ್ತೆಗೆ ಮುಗಿಯಿತು. ನಮ್ಮಪ್ಪ ನೀಲಪ್ಪ ಮುರಗೋಡದಲ್ಲಿ ಒಬ್ಬರ ಎಲೆಬಳ್ಳಿ ತೋಟಕ್ಕೆ ನೀರು ಹಾಯಿಸುವ ಆಳಾಗಿದ್ದ. ನಾನು ನೀರು ಹಾಯಿಸುವುದು ಬಿಟ್ಟು ನೀರೆತ್ತುವ ಪಂಪಸೆಟ್ಟಿನ ರಿಪೇರಿಗೆ ಬಂದೆ. ಕೊಳವೆ, ವಾಷರ್, ವಾಲ್ವು ಇವುಗಳ ನಡುವೆ ನಲವತ್ತು ವರ್ಷ ಹೋದವು. ಮೋಟರ್ ಗಾಡಿ ನನ್ನ ಕಸಬಲ್ಲ. ಗಾಡಿಯಿಂದ ಇಳಿದು ಬಂದವನಿಗೆ ಅದನ್ನೇ ಹೇಳಿದೆ.

"ಇದು ಗಾಡಿ ಕೆಲಸಾ ಅಲ್ರಿ ಕಾಕಾ, ನೀರಿನ ಕೆಲಸಾ," ಅಂದ ಅವನು. "ಗಾಡಿ ಗೊತ್ತಿದ್ದವ್ರ ಕಡೆ ಎಲ್ಲಾ ಹೋಗಿ ಬಂದೇನಿ. ಇನ್ನ ನೀರ ಗೊತ್ತಿದ್ದವ್ರ ಬೇಕು."

ಅವನ ಹೆಸರು ವಿರೂಪಾಕ್ಷ. ರಾಮದುರ್ಗದ ಮಗ್ಗದ ಸೀರೆ ತುಂಬಿಕೊಂಡು ಕಿತ್ತೂರು, ಬೈಲಹೊಂಗಲ, ಸವದತ್ತಿ ಅಂತ ಸಂತೆ ಸಂತೆ ತಿರುಗುವ ವ್ಯಾಪಾರಿ. ಗಾಡಿ ಮಾತ್ರ ನಮ್ಮ ಸೀಮೆಯದಲ್ಲ. ಯಾವುದೋ ಥಂಡಿ ದೇಶದ ಇಬ್ಬರು ಅದರಲ್ಲೇ ಉಂಡು ಮಲಗಿ ಗೋವೆಯ ಕಡೆ ಹೊರಟವರು, ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ಕೆಟ್ಟಿತು ಅಂತ ಬಿಟ್ಟು ಹೋಗಿದ್ದರಂತೆ. ಎಷ್ಟೋ ವರ್ಷ ಒಂದು ಗ್ಯಾರೇಜಿನ ಹಿಂದೆ ಹುಲ್ಲು ಬೆಳೆಸಿಕೊಂಡು ನಿಂತಿತ್ತು. ಸ್ಟೇರಿಂಗ್ ಎಡಕ್ಕೆ. ಒಳಗೆ ಒಂದು ಸಣ್ಣ ಒಲೆ, ಗೋಡೆಗೆ ಮಡಚುವ ಮೇಜು, ಹಿಂದುಗಡೆ ಆಳುದ್ದದ ಹಾಸಿಗೆ. ಇವನು ಅದನ್ನು ಎಬ್ಬಿಸಿ, ಅರ್ಧಕ್ಕೆ ಸೀರೆ ಹೊಂದಿಸಿ, ಅರ್ಧಕ್ಕೆ ಸಂಸಾರ ಹೂಡಿದ್ದ.

ಪರದೆ ಸರಿದು ಒಂದು ಮುಖ ಕಂಡಿತು. ಬೆವತು ಬೆಳ್ಳಗಾದ ಮುಖ.

"ಕಾಕಾ, ಇಳೀಬೇಕಂತೇನಿ, ಕಾಲ ಒಲ್ಲೆ ಅಂತಾವು," ಅಂತ ನಕ್ಕಳು. "ಶರಣ್ರಿ. ನಾ ಶೈಲಜಾ."

ಅವನ ಹೆಂಡತಿ. ಮೂವತ್ತು ದಾಟಿರಬಹುದು. ಆಕೆಗಿದ್ದುದು ನರದ ಬೇನೆ. ಬೆಳಗಾವಿಯ ಡಾಕ್ಟರು ಅದಕ್ಕೊಂದು ಉದ್ದ ಹೆಸರು ಹೇಳಿದ್ದರಂತೆ. ಮುಂಜಾನೆ ಎದ್ದರೆ ಎಲ್ಲರ ಹಾಗೆ ನಡೆದಾಡುತ್ತಾಳೆ. ಮೈಗೆ ಬಿಸಿ ತಾಕಿತೋ, ಕಾಲಿನ ಜೀವ ಇಳಿದು ಅವು ಮೇಣದ ಕಾಲಾಗುತ್ತವೆ, ಕಣ್ಣಿಗೆ ಮಂಜು ಕವಿಯುತ್ತದೆ. ತಂಪಾದರೆ ಮತ್ತೆ ಎಲ್ಲ ತಿರುಗಿ ಬರುತ್ತದೆ.

"ಕಾಲ ಹೋದ್ರ ಹೋಗ್ಲಿ ಕಾಕಾ," ಅಂದಳು. "ಬಣ್ಣ ಕಾಣೂದಿಲ್ಲಲಾ, ಅದಕ್ಕ ಜೀವಾ ಚುಟುಚುಟು ಅಂತೈತಿ. ನಾ ಬಣ್ಣಾ ಮಾರಾಕಿ."

ಅದು ಖರೆ. ಮುಂದೆ ನಾನೇ ನೋಡಿದೆ. ಗಿರಾಕಿ ಹೆಣ್ಣುಮಗಳು ಗಾಡಿಯ ಬಾಗಿಲಿಗೆ ಬಂದು ನಿಂತರೆ ಸಾಕು, ಈಕೆ ಮುಖ ನೋಡಿ, ಕೈಯ ಬಳೆ ನೋಡಿ, ನೂರು ಸೀರೆಯೊಳಗಿಂದ ಒಂದನ್ನು ಎಳೆಯುತ್ತಿದ್ದಳು. ಎರಡನೆಯದು ಬಿಚ್ಚುವ ಪ್ರಸಂಗ ಬರುತ್ತಿದ್ದುದು ಕಡಿಮೆ. ವಿರೂಪಾಕ್ಷ ಒಬ್ಬನೇ ಹೋದ ಸಂತೆಯಲ್ಲಿ ಸೀರೆ ಬಿಚ್ಚಿ ಬಿಚ್ಚಿ ಗುಡ್ಡೆ ಬಿದ್ದಿರುತ್ತಿತ್ತು.

ಬಿಸಿಲು ಎಲ್ಲರಿಗೂ ಬಿಸಿಲೇ. ಅದಕ್ಕೆ ಅವರು ಕಿಡಕಿಗೆ ಒದ್ದೆ ಪರದೆ ಕಟ್ಟಿಕೊಳ್ಳುತ್ತಿದ್ದರು, ಮುಂಜಾನೆ ತಂಪಿನಲ್ಲೇ ದಾರಿ ಕ್ರಮಿಸುತ್ತಿದ್ದರು. ಅವರನ್ನು ಸೋಲಿಸಿದ್ದು ಗಾಡಿಯ ಒಳಗಿನ ಬಿಸಿ. ಥಂಡಿ ದೇಶದವರು ಹಾಸಿಗೆಯ ಕೆಳಗೆ ಒಂದು ಕಬ್ಬಿಣದ ಡಬ್ಬಿ ಇಟ್ಟಿದ್ದರು, ಹೀಟರ್. ಮುಂದಿನ ಎಂಜಿನ್ನಿನಲ್ಲಿ ಕಾದ ನೀರು ಗಾಡಿಯ ಹೊಟ್ಟೆಯ ಕೆಳಗೆ ಒಂದು ರಬ್ಬರ್ ಕೊಳವೆಯಲ್ಲಿ ಹಿಂದಕ್ಕೆ ಬಂದು, ಡಬ್ಬಿ ಸುತ್ತಿ, ಇನ್ನೊಂದು ಕೊಳವೆಯಲ್ಲಿ ಮುಂದಕ್ಕೆ ಹೋಗುತ್ತದೆ. ಅದನ್ನು ತಡೆಯಲಿಕ್ಕೆ ಇದ್ದ ಕೀಲು ಯಾವಾಗಲೋ ಮುರಿದಿತ್ತು. ಎಂಜಿನ್ ನಡೆಯುವ ತನಕ ಡಬ್ಬಿ ಕಾಯುವುದೇ ಕಾಯುವುದು. ನಾನು ಅದರ ಮೇಲೆ ಅಂಗೈ ಇಟ್ಟೆ. ಐದು ಎಣಿಸುವುದರೊಳಗೆ ತೆಗೆದುಬಿಟ್ಟೆ.

"ಕಿತ್ತ ಒಗೀಲಿಲ್ಲ್ಯಾಕ?" ಅಂತ ಕೇಳಿದೆ.

"ಎಲ್ಲಾರೂ ಅದನ್ನ ಅಂತಾರ," ಅಂದ ವಿರೂಪಾಕ್ಷ. "ಮಾಗಿ ಚಳಿಯೊಳಗ, ಜಿಟಿಜಿಟಿ ಮಳಿಯೊಳಗ ಇಕಿ ಕಾಲು ಕಟ್ಟಿಗಿ ಕೊಡ್ಡದಂಗ ಸೆಟೀತಾವ್ರಿ. ಆವಾಗ ಈ ಡಬ್ಬಿನ ಇಕಿಗೆ ದೇವ್ರು. ಬೇಕಂದಾಗ ಬರಬೇಕು, ಬ್ಯಾಡಂದಾಗ ನಿಲ್ಲಬೇಕು."

"ಅತ್ತಿಮನಿಯಾಗ ಸೊಸಿ ಇದ್ದಂಗ," ಅಂದಳು ಒಳಗಿನಿಂದ ಶೈಲಜಾ.

ಆಮೇಲೆ ನಗು ನಿಲ್ಲಿಸಿ ಹೇಳಿದಳು. ರಾಮದುರ್ಗದಲ್ಲಿ ಆಕೆಯ ಅಣ್ಣ ಸಿದ್ದರಾಮ ಇದ್ದಾನೆ. ಯುಗಾದಿ ಅಮಾಸೆಯ ಹಿಂದಿನ ರವಿವಾರ ಕರೆಯಲಿಕ್ಕೆ ಬರುತ್ತಾನೆ. ಹಬ್ಬಕ್ಕೆ ಕರೆದು ಕಳಿಸಲಿಕ್ಕಲ್ಲ, ಇನ್ನು ಅಲ್ಲಿಯೇ ಇಟ್ಟುಕೊಳ್ಳಲಿಕ್ಕೆ. ಅವನ ಮಣ್ಣಿನ ಮಾಳಿಗೆಯ ಮನೆ ಬೇಸಿಗೆಯಲ್ಲೂ ತಂಪು. ಆಕೆ ಇರಲಿಕ್ಕೆ ಒಂದು ಕೋಲಿಗೆ ಸುಣ್ಣ ಹಚ್ಚಿಸಿ ಇಟ್ಟಿದ್ದಾನೆ.

"ಅಣ್ಣಾ ಕೆಟ್ಟಾಂವಲ್ರಿ. ಜೀವಾ ಬಿಡತಾನ ನನ್ನ ಮ್ಯಾಲೆ. ಹೋದ ಸಲಾ ಈ ಹಾಸಿಗಿ ಮ್ಯಾಲೆ ನಾ ಎಚ್ಚರ ತಪ್ಪಿದ್ದು ನೋಡಿ ಅತ್ತುಬಿಟ್ಟ. ಈ ಸಲಾ ಗಾಡಿ ತಂಪಿರದಿದ್ರ ಸುಮ್ನ ಅವನ ಹಿಂದ ಬರತೇನಂತ ಮಾತ ಕೊಟ್ಟೇನಿ." ಪರದೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಳು. "ಅಲ್ಲಿ ತಂಪ ಐತಿ ಖರೆ. ಆದ್ರ ಸುಣ್ಣದ ಗ್ವಾಡಿ ನೋಡಕೋತ ಎಷ್ಟ ದಿನಾ ಕುಂದ್ರಲಿ ಕಾಕಾ?"

ಹತ್ತು ದಿವಸ ಇತ್ತು. ನಾನು ಹುಷಾರಿ ಮನುಷ್ಯ, ಬೇಗ ಮಾತು ಕೊಡುವವನಲ್ಲ. ಅವತ್ತು ಕೊಟ್ಟೆ.

"ಒಂದು ನಳಾ ಹಚ್ಚಿದ್ರ ಮುಗೀತಲ್ಲವಾ ತಂಗಿ. ಬ್ಯಾಡಾದಾಗ ಬಂದ್ ಮಾಡೂದು."

*

ಎಂಥ ನಳ ಅನ್ನುವುದೇ ತೊಡಕು. ಪಂಪಸೆಟ್ಟಿನ ವಾಲ್ವು ಹಚ್ಚಿದರೆ ಆ ಭಾರಕ್ಕೆ ರಬ್ಬರ್ ಕೊಳವೆ ಜೋತು ಬೀಳುತ್ತದೆ. ಪ್ಲಾಸ್ಟಿಕ್ಕು ಕುದಿನೀರಿಗೆ ತಾಳುವುದಿಲ್ಲ. ಸಣ್ಣದು ಬೇಕು, ಹಿತ್ತಾಳಿಯದು ಬೇಕು, ಜನ್ಮವೆಲ್ಲ ಬಿಸಿನೀರೇ ಕುಡಿದು ಬೆಳೆದದ್ದು ಬೇಕು. ಹಂಗಂತ ಯೋಚಿಸುತ್ತ ಮರುದಿವಸ ಬಚ್ಚಲಿಗೆ ಜಳಕಕ್ಕೆ ಹೋದೆ. ಕಣ್ಣೆದುರಿಗೇ ಇತ್ತು.

ನಮ್ಮ ಬಚ್ಚಲಲ್ಲಿ ಒಂದು ತಾಮ್ರದ ಬಂಬ. ನಡುವೆ ಕೆಂಡದ ಕೊಳವೆ, ಸುತ್ತಲೂ ನೀರು, ಕೆಳಗೆ ಹಿತ್ತಾಳಿ ನಳ. ನಳದ ಹಿಡಿಕೆ ನವಿಲಿನ ಆಕಾರ. ನನ್ನ ಹೆಂಡತಿ ಬಾಯವ್ವ ಮದುವೆಯಾಗಿ ಬರುವಾಗ ಚಚಡಿಯಿಂದ, ತವರಿನಿಂದ, ಚಕ್ಕಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು. ಮೂವತ್ತೆಂಟು ವರ್ಷ ಆ ನವಿಲನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾಳೆ. ತಿಕ್ಕಿ ತಿಕ್ಕಿ ಅದರ ಕಣ್ಣು ಸವೆದು ಹೋಗಿದ್ದವು.

ಸಾವಕಾಶ ವಿಷಯ ತೆಗೆದೆ.

"ಏನಂದ್ರಿ?" ಅಂದಳು ರೊಟ್ಟಿ ಬಡಿಯುವುದು ನಿಲ್ಲಿಸಿ. "ಇನ್ನೊಮ್ಮಿ ಅನ್ರಿ, ಕಿವಿ ತುಂಬ ಕೇಳತೇನಿ."

"ಬಂಬದ ನಳಾ..."

"ನನ್ನ ತವರಿನ ಬಂಬಾನ ಬೇಕಾತು ನಿಮಗ. ನಿಮ್ಮವ್ವನ ಕಾಲದ ಹಿತ್ತಾಳಿ ಪಾತೇಲಿ ಅಟ್ಟದ ಮ್ಯಾಲೆ ಜೇಡಗ ಮನಿ ಆಗೈತಿ, ಅದನ್ನ ಕೊಯ್ಯಿರಿ."

"ಅದಕ್ಕ ನಳಾ ಇಲ್ಲ."

"ನಿಮಗೂ ಇಲ್ಲ," ಅಂದು ರೊಟ್ಟಿ ಬಡಿದಳು. ಅಷ್ಟು ಜೋರಾಗಿ ಬಡಿದ ರೊಟ್ಟಿ ಆ ಮನೆಯಲ್ಲಿ ನಾನು ಉಂಡಿರಲಿಲ್ಲ.

ಎರಡು ದಿವಸ ಮಾತಿಲ್ಲ. ನಾನೂ ಮತ್ತೆ ಕೇಳಲಿಲ್ಲ. ನಾನು ಕಾಯುವುದರಲ್ಲಿ ಗಟ್ಟಿ. ಗಾಡಿ ನಮ್ಮ ಬೇವಿನ ನೆರಳಿಗೇ ನಿಂತಿತ್ತು, ಬಿಡಾರವೂ ಅಲ್ಲೇ. ಮೂರನೇ ದಿವಸ ಅವರು ಊರೊಳಗಿನ ಸಂತೆಗೆ ಹೋಗಿ ಇಳಿಹೊತ್ತಿಗೆ ತಿರುಗಿ ಬಂದರು. ಬಾಯವ್ವ ಮಜ್ಜಿಗೆಯ ತಂಬಿಗೆ ಹಿಡಿದು ಗಾಡಿಯೊಳಗೆ ಹೋದಳು. ಮಜ್ಜಿಗೆ ಕೊಟ್ಟು, ಜೊತೆಗೆ ನಾಲ್ಕು ಮಾತು ಅಂದು ಬರುವವಳಿದ್ದಳು. ಅದು ಆಕೆಯ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಹೊರಗೆ ಬಂದಾಗ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು.

"ಒಲಿ ಮ್ಯಾಲೆ ಕುಂತಂಗ ಐತಿ," ಅಂದಳು, ನನಗಲ್ಲ, ಬೇವಿನ ಗಿಡಕ್ಕೆ ಅನ್ನುವ ಹಾಗೆ. "ಆ ಹುಡುಗಿ ನನ್ನ ಕೈ ಹಿಡದು, ಕಾಕು ಹಸರ ಸೀರಿ ಉಟ್ಟೀರೋ ನೀಲಿ ಉಟ್ಟೀರೋ ಅಂತ ಕೇಳಿದ್ಲು. ನಾ ಉಟ್ಟಿದ್ದು ಕೆಂಪ."

ಒಳಗೆ ಹೋದಳು. ಬಚ್ಚಲಲ್ಲಿ ಬಂಬದ ನೀರು ಪೂರ್ತಿ ಚೆಲ್ಲಿದ ಸಪ್ಪಳ ಕೇಳಿತು. ಆಮೇಲೆ ಆಕೆಯ ದನಿ. "ಕೊಯ್ಕೊಂಡ ಹೋಗ್ರಿ. ನೋಡ್ರಿ ಮತ್ತ, ಸುಮ್ಮಸುಮ್ಮನ ಕೊಯ್ದೀರಿ."

*

ನಳದ ಬಾಗಿದ ಮೂಗು ಕೊಯ್ದು ಅಲ್ಲಿಗೊಂದು ನೆಟ್ಟಗಿನ ತುಂಡು ಬೆಸೆದೆ. ಎಂಜಿನ್ನಿನಿಂದ ಹಾಸಿಗೆಗೆ ಬರುವ ಕೊಳವೆಯನ್ನು ಕತ್ತರಿಸಿ, ನಡುವೆ ನಳ ತುರುಕಿ, ಎರಡೂ ಕಡೆ ಕ್ಲಿಪ್ಪು ಬಿಗಿದೆ. ಹಾಸಿಗೆಯ ಪಕ್ಕದ ಹಲಗೆಗೆ ಒಂದು ತೂತು ಕೊರೆದೆ. ನವಿಲಷ್ಟೇ ಮೇಲೆ ಬಂದು ಕೂತಿತು. ಮಲಗಿದಲ್ಲಿಂದಲೇ ಕೈ ಚಾಚಿದರೆ ಸಿಗುವ ಹಾಗೆ. ಶೈಲಜಾ ಅದನ್ನು ಅತ್ತ ತಿರುವಿದಳು, ಇತ್ತ ತಿರುವಿದಳು.

"ಪೂರ್ವಕ್ಕ ನೋಡಿದ್ರ ಬಿಸಿ, ಉತ್ತರಕ್ಕ ನೋಡಿದ್ರ ತಂಪು. ಏನ ಶಾಣ್ಯಾ ನವಿಲ ಕಾಕಾ ಇದು."

ಬುಧವಾರ ಮುಂಜಾನೆ ಪರೀಕ್ಷೆಗೆ ಸವದತ್ತಿ ಕಡೆ ಹೊರಟೆವು. ನವಿಲು ಉತ್ತರಕ್ಕೆ, ಅಂದರೆ ನಳ ಬಂದ್; ಗಾಡಿ ಎತ್ತ ತಿರುಗಿದರೂ ಆಕೆಯ ಮಾತಿನ ಹಾಗೆ ನಮಗದು ಉತ್ತರವೇ. ನಾನು ಹಿಂದೆ ಆಕೆಯ ಜೊತೆ ಕುಳಿತು ಡಬ್ಬಿಯ ಮೇಲೆ ಕೈ ಇಟ್ಟೇ ಇದ್ದೆ. ಒಂದು ಹರದಾರಿ ಹೋದರೂ ತಣ್ಣಗೆ, ಎರಡು ಹರದಾರಿಗೂ ತಣ್ಣಗೆ. ಕಿಡಕಿಯ ಒದ್ದೆ ಪರದೆಯಿಂದ ಸೋಸಿ ಬಂದ ಗಾಳಿ ಸೀರೆಗಳ ಮೇಲೆ ಹಾಯ್ದು ಹೋಗುತ್ತಿತ್ತು. ಹೊಸ ಸೀರೆಯ ಗಂಜಿಯ ವಾಸನೆ. ಹೊರಗೆ ಜೋಳ ಕೊಯ್ದ ಕರಿಹೊಲ, ಕಣಕಿಯ ಬಣವೆ, ಮತ್ತೆ ಕರಿಹೊಲ. ಆಕೆ ಕಾಲು ನೀಡಿ, ಬೆರಳು ಒಂದೊಂದೇ ಆಡಿಸಿ ನೋಡುತ್ತಿದ್ದಳು, ಕೂಸು ತನ್ನ ಕಾಲು ತಾನೇ ನೋಡಿಕೊಂಡ ಹಾಗೆ. ನನಗೆ ಕಣ್ಣು ಜೋಂಪು ಹತ್ತಿತು. ಆ ಜೋಂಪಿನಲ್ಲಿ ಎಲೆಬಳ್ಳಿ ತೋಟದ ನೆರಳು ಮೈ ಮೇಲೆ ಆಡಿದಂತೆ ಆಯಿತು.

ಸವದತ್ತಿ ದಾಟಿ ಗುಡ್ಡದ ಏರು ಹತ್ತುವಾಗ ಎಂಜಿನ್ ಒದರಿತು. ಬುಸ್ ಅಂತ ಬಿಳಿ ಹಬೆ ಎದ್ದು ಮುಂದಿನ ಕನ್ನಡಿ ಮುಚ್ಚಿತು. ವಿರೂಪಾಕ್ಷ ಗಾಡಿ ನಿಲ್ಲಿಸಿ ಕೆಳಗೆ ಹಾರಿದ. ಶೈಲಜಾಳನ್ನು ನಾವಿಬ್ಬರೂ ಎತ್ತಿ ದಾರಿ ಪಕ್ಕದ ಜಾಲಿ ನೆರಳಿಗೆ ಕೂಡಿಸಿದೆವು. ಮುಂಜಾನೆ ಆಡುತ್ತಿದ್ದ ಬೆರಳು ಆ ಬಿಸಿಲಿಗೆ ಆಗಲೇ ಸುಮ್ಮನಾಗಿದ್ದವು.

ವಿರೂಪಾಕ್ಷ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚಲೋ ಇತ್ತು. ಕಲ್ಲಿನ ಮೇಲೆ ಕುಳಿತು, "ಇನ್ನ ನಾಕ ದಿನಾ," ಅಂದ. ಅಷ್ಟೇ.

"ಯಾಕ್ರಿ ಮಾರಿ ಹಂಗ ಮಾಡ್ತೀರಿ ಇಬ್ರೂ?" ಅಂದಳು ಶೈಲಜಾ ಕಣ್ಣು ಮುಚ್ಚಿಕೊಂಡೇ. "ನವಿಲ ತನ್ನ ಕೆಲಸಾ ಮಾಡೇತಿ. ಗಾಡಿಗೆ ಹೊಟ್ಟೆಕಿಚ್ಚ ಬಂದೈತಿ, ಅಷ್ಟ." ತುಟಿ ನಗುತ್ತಿತ್ತು, ದನಿ ನಗುತ್ತಿರಲಿಲ್ಲ.

ಹಬೆ ಅಡಗಿದ ಮೇಲೆ ನಾನು ಗಾಡಿಯ ಮುಂದೆ ಹೋಗಿ, ನೀರು ತಂಪು ಮಾಡುವ ಜಾಳಿಗೆ ಮುಟ್ಟಿದೆ. ರೇಡಿಯೇಟರ್ ಅನ್ನುತ್ತಾರಲ್ಲ, ಅದು. ಕೈ ಸುಟ್ಟೀತು ಅಂತ ಹೆದರುತ್ತ ಮುಟ್ಟಿದೆ. ತಣ್ಣಗಿತ್ತು. ಒಂದು ಗೇಣು ಹಿಂದೆ ಎಂಜಿನ್ನು ಕುದ್ದು ಹಬೆ ಆಗಿದೆ, ಮುಂದೆ ಇದು ಬಾವಿಯ ಕಲ್ಲಿನ ಹಾಗೆ ತಣ್ಣಗಿದೆ. ಹಂಗಾದರೆ ಬಿಸಿನೀರು ಇಲ್ಲಿಯ ತನಕ ಬಂದೇ ಇಲ್ಲ. ಎಲ್ಲಿ ನಿಂತಿತು? ಯಾರು ನಿಲ್ಲಿಸಿದರು?

ಅಲ್ಲೇ ನಿಂತು ಕೆಳಗಿನ ಹೊಲ ನೋಡಿದೆ. ನೋಡಬೇಕಂತ ನೋಡಿದ್ದಲ್ಲ, ಕಣ್ಣು ಹೋಯಿತು. ಬೇಸಿಗೆ ಶೇಂಗಾಕ್ಕೆ ಒಬ್ಬ ಮುದುಕ ನೀರು ಹಾಯಿಸುತ್ತಿದ್ದ. ಒಡ್ಡು ಕಟ್ಟಿದ ಒಂದು ಮಡಿ, ಅಂದರೆ ಪಾತಿ, ತುಂಬಿತ್ತು. ಅವನು ಸಲಿಕೆ ಹಿಡಿದು ಹೋಗಿ ಮೊದಲು ಮುಂದಿನ ಮಡಿಯ ಬಾಯಿ ಬಿಡಿಸಿದ. ನೀರು ಅತ್ತ ಹೊರಳಿ ಮಿಂಚಿತು. ಆಮೇಲೆ ತಿರುಗಿ ಬಂದು ತುಂಬಿದ ಮಡಿಯ ಬಾಯಿಗೆ ಮಣ್ಣು ಎಳೆದ. ಮೊದಲು ಅದು, ಆಮೇಲೆ ಇದು. ಎಷ್ಟೋ ಹೊತ್ತು ನೋಡಿದೆ. ಮತ್ತೊಂದು ಮಡಿ, ಮತ್ತೂ ಒಂದು. ಬಿಸಿಲಿನಲ್ಲಿ ಆ ಮುದುಕ ಕರಗಿ ನಮ್ಮಪ್ಪನಾದ. ಎಲೆಬಳ್ಳಿಯ ಹಸಿರು ಕತ್ತಲಲ್ಲಿ ಮೊಣಕಾಲ ತನಕ ಕೆಸರು ಮಾಡಿಕೊಂಡು, ಬೆನ್ನು ತಿರುಗಿಸಿಯೇ ನಿಂತು ಅನ್ನುತ್ತಿದ್ದ: "ಉಳವ್ಯಾ, ಮದಲ ಮುಂದಿನ ಬಾಯಿ ತಗಿ. ಆಮ್ಯಾಲೆ ಹಿಂದಿಂದು ಮುಚ್ಚು. ನೀರಿಗೆ ಒಮ್ಮೆನೂ ನಿಲ್ಲು ಅನಬ್ಯಾಡ, ಒಡ್ಡ ಒಡದು ಹೊಕ್ಕೈತಿ. ಆ ಕಡಿ ಹೋಗು ಅನ್ನು." ಏಳು ವರ್ಷದವನಿದ್ದಾಗ ಕಲಿತದ್ದು. ಅರವತ್ತು ದಾಟಿ, ನೀರುಗಾರನ ಮಗನಾಗಿ, ಓಡುವ ನೀರಿಗೆ ನಾನು ನಿಲ್ಲು ಅಂದಿದ್ದೆ.

ವಿರೂಪಾಕ್ಷನನ್ನು ಕರೆದೆ. ನವಿಲನ್ನು ಪೂರ್ವಕ್ಕೆ ತಿರುವಿ, ನೀರು ತುಂಬಿ ಎಂಜಿನ್ ಚಾಲೂ ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಜಾಳಿಗೆ ಬೆಚ್ಚಗಾಯಿತು, ಆಮೇಲೆ ಬಿಸಿ. ಆಗ ಅವನಿಗೂ ತಿಳಿಯಿತು. ಎಂಜಿನ್ನಿಗೂ ಜಾಳಿಗೆಗೂ ನಡುವೆ ಒಂದು ಸಣ್ಣ ಬಾಗಿಲು ಇರುತ್ತದೆ. ಬಿಸಿನೀರು ಬಂದು ತಟ್ಟಿದರೆ ಅದು ತೆರೆಯುತ್ತದೆ. ಈ ಗಾಡಿಯಲ್ಲಿ ಆ ಬಿಸಿನೀರು ಬಾಗಿಲಿಗೆ ಬರುವ ದಾರಿಯೇ ಹಾಸಿಗೆಯ ಸುತ್ತು ಹಾಕಿ ಬರುವ ದಾರಿ. ನಾನು ದಾರಿ ಕಟ್ಟಿದೆ. ತಟ್ಟುವವರೇ ಬರಲಿಲ್ಲ, ಬಾಗಿಲು ಮುಚ್ಚಿಕೊಂಡೇ ಕುಳಿತಿತು.

"ಹಂಗಾದ್ರ ಆಗೂದ ಇಲ್ಲೇನ್ರಿ ಕಾಕಾ?" ಅಂದ.

"ಆಕ್ಕೈತಿ. ಒಂದು ಮಡಿ ಕಮ್ಮಿ ಬಿದ್ದೈತಿ, ಅಷ್ಟ."

ಅವನಿಗೆ ಅರ್ಥವಾಗಲಿಲ್ಲ. ಜಾಲಿ ಕೆಳಗಿನ ಶೈಲಜಾ ಮಾತ್ರ ಕಣ್ಣು ತೆರೆದಳು. ನಾವು ಹೊತ್ತು ಇಳಿಯುವ ತನಕ ಅಲ್ಲೇ ಇದ್ದು, ತಂಪಿನಲ್ಲಿ ತಿರುಗಿದೆವು.

*

ಹಿಂದಕ್ಕೆ ಬರುವ ಕೊಳವೆ ಒಂದು, ಮುಂದಕ್ಕೆ ಹೋಗುವ ಕೊಳವೆ ಒಂದು. ಎರಡಕ್ಕೂ, ಹಾಸಿಗೆ ಮುಟ್ಟುವ ಮೊದಲೇ, ಮೂರು ಬಾಯಿಯ ಒಂದೊಂದು ಜಾಯಿಂಟು ಹಾಕಿ, ನಡುವೆ ಗೇಣುದ್ದದ ಕೊಳವೆಯಿಂದ ಅವನ್ನು ಕೂಡಿಸಿದೆ. ನವಿಲಿನ ನಳ ಅದರ ಆಚೆಗೆ, ಹಾಸಿಗೆಯ ಕಡೆ. ಈಗ ನವಿಲು ಮುಚ್ಚಿದರೆ ನೀರು ನಿಲ್ಲುವುದಿಲ್ಲ, ಗೇಣುದ್ದದ ಸಣ್ಣ ದಾರಿಯಲ್ಲಿ ಹೊರಳಿ ಎಂಜಿನ್ನಿನ ಬಾಗಿಲಿಗೇ ಹೋಗುತ್ತದೆ. ನವಿಲು ತೆರೆದರೆ ಹಾಸಿಗೆಗೂ ಒಂದು ಪಾಲು. ಹೇಳುವಾಗ ಇಷ್ಟೇ. ಮಾಡುವಾಗ ಮೂರು ದಿವಸ ಹಿಡಿಯಿತು. ಮೊದಲ ಸಲ ಹಾಕಿದ ನಡುಗೊಳವೆ ದಪ್ಪಾಯಿತು, ಎಲ್ಲ ನೀರೂ ಅಲ್ಲಿಂದಲೇ ಓಡಿ, ನವಿಲು ತೆರೆದರೂ ಹಾಸಿಗೆ ಬೆಚ್ಚಗಾಗಲಿಲ್ಲ. ಔಷಧ ಹೊಡೆಯುವ ಪಂಪಿನ ಸಣ್ಣ ಹಿತ್ತಾಳಿ ನಳಿಗೆ ಒಂದನ್ನು ಕೊಯ್ದು ಅದರ ನಡುವೆ ಸೇರಿಸಿದೆ. ಆಗ ಎರಡೂ ಕಡೆ ಹದವಾಯಿತು.

ಆ ಮೂರೂ ದಿವಸ ಮಧ್ಯಾಹ್ನ ಗಾಡಿಯ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುವಾಗ ಮೇಲಿನಿಂದ ಬಾಯವ್ವನ ದನಿ, ಶೈಲಜಾಳ ದನಿ ತೇಲಿ ಬರುತ್ತಿದ್ದವು. ಒಬ್ಬಳು ಚಚಡಿಯ ವಾಡೆಯ ಕಥೆ ಹೇಳುತ್ತಿದ್ದಳು, ಇನ್ನೊಬ್ಬಳು ಬಣ್ಣದ್ದು. ಯಾವ ಊರಿನವರಿಗೆ ಯಾವ ಅಂಚು ಸೇರುತ್ತದೆ, ಕರಿಮಣ್ಣಿನ ಊರಿನವರು ಯಾಕೆ ಹಳದಿ ಬೇಡುತ್ತಾರೆ. ನಾನು ಅರ್ಧ ಕೇಳುತ್ತಿದ್ದೆ, ಅರ್ಧ ನಿದ್ದೆ. ಕೊಳವೆಯೊಳಗೆ ನೀರು ಗುಳುಗುಳು ಅಂದರೆ ಮಾತು ಯಾವುದು, ನೀರು ಯಾವುದು ಅಂತ ತಿಳಿಯುತ್ತಿರಲಿಲ್ಲ.

"ಏನ್ರಿ, ಬದುಕೀರೋ?" ಅಂತ ಬಾಯವ್ವ ನಡುನಡುವೆ ಕಾಲಿನಿಂದ ಹಲಗೆ ಬಡಿಯುತ್ತಿದ್ದಳು. "ಇಲ್ಲಾ ನನ್ನ ನವಿಲಿನ ಜೋಡಿ ನೀವೂ ಹಾರಿ ಹೋದ್ರೋ?"

ರವಿವಾರ ಮುಂಜಾನೆ ಒಂಬತ್ತರ ಬಸ್ಸಿಗೆ ಸಿದ್ದರಾಮ ಬಂದ. ಉದ್ದ ಆಳು, ಮೆತ್ತನ್ನ ಮಾತು. ಹೆಗಲ ಮೇಲೆ ಅವರವ್ವ ಹೊಲಿದ ಕೌದಿ. ತಂಗಿಯನ್ನು ಮಲಗಿಸಿಕೊಂಡು ಹೋಗಲಿಕ್ಕೆ ಒಂದು ಜೀಪು ಮಾತಾಡಿ, ಮಧ್ಯಾಹ್ನ ಎರಡಕ್ಕೆ ಬಾ ಅಂತ ಹೇಳಿ ಬಂದಿದ್ದ.

"ನಳಾ ಹಚ್ಚೇವಿ ಅಣ್ಣಾ," ಅಂದಳು ಶೈಲಜಾ.

"ಹೋದ ವರ್ಷ ಫ್ಯಾನ್ ಹಚ್ಚಿದ್ರಿ," ಅಂದ ಅವನು. "ನಾ ನಿನ್ನ ಮಾತ ಕೇಳಾಕ ಬಂದಿಲ್ಲ ತಂಗಿ. ಕೊಟ್ಟ ಮಾತ ನಡಸ್ಕೊಡು ಅಂತ ಬಂದೇನಿ."

"ನಡಸ್ತೇನಿ. ಆದ್ರ ನೀ ಮದಲ ಈ ಹಾಸಿಗಿ ಮ್ಯಾಲೆ ಕುಂದ್ರು. ಗುಡ್ಡಾ ಹತ್ತಿ ಇಳಿಯೂಮಟ. ನೀನ ಹೇಳು ಆಮ್ಯಾಲೆ."

ಹನ್ನೊಂದು ದಾಟಿದ ಬಿಸಿಲಿಗೇ ಹೊರಟೆವು. ಆಕೆಯೇ ಆ ಹೊತ್ತು ಆರಿಸಿದಳು. ಸಿದ್ದರಾಮ ಹಾಸಿಗೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಅಂಗೈ ಹಲಗೆಗೆ ಒತ್ತಿ ಕುಳಿತ, ಕಳ್ಳನನ್ನು ಕಾಯುವವನ ಹಾಗೆ. ಎದುರಿಗೆ ಸೀರೆಗಂಟಿಗೆ ಒರಗಿ ಶೈಲಜಾ. ನವಿಲು ಉತ್ತರಕ್ಕೆ ಮುಖ ಮಾಡಿತ್ತು. ನಾನು ಮುಂದೆ ಕುಳಿತು ಬಿಸಿ ತೋರಿಸುವ ಮುಳ್ಳು ನೋಡುತ್ತಿದ್ದೆ. ವಿರೂಪಾಕ್ಷ ಅದನ್ನು ನೋಡಲಿಲ್ಲ. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಗುಡ್ಡದ ಏರು ಬಂತು. ಮುಳ್ಳು ಸ್ವಲ್ಪ ಎದ್ದಿತು. ಜಾಲಿ ಗಿಡ ಬಂತು, ಹೋಯಿತು. ಮುಳ್ಳು ಅಲ್ಲೇ ನಿಂತಿತು. ಕೆಳಗೆ ಶೇಂಗಾದ ಹೊಲದಲ್ಲಿ ಅವತ್ತು ಯಾರೂ ಇರಲಿಲ್ಲ. ಮಡಿಗಳಷ್ಟೇ ಹಸಿರಾಗಿ ಒಂದರ ಪಕ್ಕ ಒಂದು ಮಲಗಿದ್ದವು. ಹಿಂದಿನಿಂದ ಮಾತೇ ಇಲ್ಲ. ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಆಮೇಲೆ ಒಂದು ಸಪ್ಪಳ ಕೇಳಿತು, ಎಂಜಿನ್ನಿನದಲ್ಲ. ತಿರುಗಿದೆ.

ಸಿದ್ದರಾಮ ಗೊರಕೆ ಹೊಡೆಯುತ್ತಿದ್ದ. ಬೆನ್ನು ಜಾರಿ, ಅವ್ವನ ಕೌದಿ ತಲೆಗೆ ಮಡಚಿಕೊಂಡು, ಆ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಿದ್ದ. ಒಂದು ಅಂಗೈ ಮಾತ್ರ ಹಲಗೆಗೆ ಒತ್ತಿದ್ದು ಒತ್ತಿದ ಹಾಗೇ ಇತ್ತು. ಶೈಲಜಾ ತುಟಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರು ಅಂದಳು. ಆಮೇಲೆ ಎದ್ದಳು. ಓಡುವ ಗಾಡಿಯಲ್ಲಿ, ಹನ್ನೆರಡರ ಬಿಸಿಲಿನಲ್ಲಿ, ಗೋಡೆ ಹಿಡಿದು ತನ್ನ ಕಾಲ ಮೇಲೆ ಎರಡು ಹೆಜ್ಜೆ ನಡೆದು, ಕಿಡಕಿಯ ಪರದೆಗೆ ಒಂದು ತಂಬಿಗೆ ನೀರು ಚಿಮುಕಿಸಿ, ತಿರುಗಿ ಬಂದು ಕುಳಿತಳು.

ಗುಡ್ಡ ಇಳಿದು ಸವದತ್ತಿ ಬಸ್‌ಸ್ಟ್ಯಾಂಡಿನ ಮುಂದೆ ನಿಂತಾಗ ಅವನಿಗೆ ಎಚ್ಚರವಾಯಿತು. ಗಡಬಡಿಸಿ ಎದ್ದು, "ಗುಡ್ಡಾ ಬಂತೇನ?" ಅಂದ.

"ಹತ್ತಿ ಇಳದೇವಿ ಅಣ್ಣಾ. ನೀ ಊರಿಗೆಲ್ಲಾ ಕೇಳೂವಂಗ ಗೊರಕಿ ಹೊಡದಿ."

ನಾಚಿಕೊಂಡು ಕಣ್ಣು ಒರೆಸಿಕೊಂಡ. ಹಲಗೆ ಮುಟ್ಟಿ ನೋಡಿದ. ಬಗ್ಗಿ ಆಕೆಯ ಅಂಗಾಲು ಮುಟ್ಟಿ ನೋಡಿದ, ಕೂಸಿಗೆ ಜ್ವರ ನೋಡುವ ಹಾಗೆ. ಬಾಗಿಲಲ್ಲಿ ಆಗಲೇ ಒಬ್ಬ ಹೆಣ್ಣುಮಗಳು ಬಂದು ಒಳಗೆ ಇಣುಕುತ್ತಿದ್ದಳು. ಯುಗಾದಿ ಎರಡು ದಿವಸ ಇತ್ತಲ್ಲ. ಶೈಲಜಾ ಆಕೆಯ ಮುಖ ನೋಡಿ, ಕೈ ನೋಡಿ, ಗಂಟಿನ ನಡುವಿನಿಂದ ಒಂದು ಸೀರೆ ಎಳೆದಳು. ಎಳೆ ಬೇವಿನೆಲೆಯ ಹಸಿರು, ಕೆಂಪು ಅಂಚು. ಆ ಹೆಣ್ಣುಮಗಳು ಸೀರೆಯನ್ನು ಎದೆಗೆ ಹಿಡಿದುಕೊಂಡಳು.

ಸಿದ್ದರಾಮ ಇದನ್ನೆಲ್ಲ ನೋಡುತ್ತ ನಿಂತಿದ್ದ. "ಆ ಕೋಲಿ ಹಂಗ ಇರತೈತಿ," ಅಂದ. "ಸುಣ್ಣಾ ಹಚ್ಚಿದ್ದು ಹಾಳೇನ ಆಗೂದಿಲ್ಲ. ಬ್ಯಾಸರಾದಾಗ ಬಾ."

"ಜೀಪಿನಾಂವ ಬೈಲಹೊಂಗಲಕ್ಕ ಬಂದ ನಿಂತಿರತಾನಲ್ಲೋ!"

"ಕಾಕಾ ಹೇಳಿ ಕಳಸ್ತಾರ ಬಿಡು," ಅಂದು ನನ್ನ ಕಡೆ ನೋಡಿದ. ಕೌದಿಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ ಹಾಸಿಗೆಯ ಮೇಲೆ ಇಟ್ಟ. "ನಸುಕಿನ್ಯಾಗ ಥಂಡಿ ಇರತೈತಿ, ಹೊಚ್ಚಿಕೋ."

ನಮ್ಮ ಬಂಬದ ತೂತಿಗೆ ನಾನು ಒಂದು ಕಟ್ಟಿಗೆಯ ಬೆಣೆ ಹೊಡೆದೆ. ಹೊಸ ನಳ ತರುತ್ತೇನೆ ಅಂದರೆ ಬಾಯವ್ವ ಒಲ್ಲೆ ಅಂದಳು. ಇವತ್ತಿಗೂ ಮೇಲಿನಿಂದ ತಂಬಿಗೆ ಮುಳುಗಿಸಿಯೇ ನೀರು ಎರಕೊಳ್ಳುವುದು. ಗಾಡಿ ಆಮೇಲೆ ಎಷ್ಟು ವರ್ಷ ತಿರುಗಿತೋ, ವರ್ಷಕ್ಕೊಮ್ಮೆ ನಮ್ಮ ಬೇವಿನ ನೆರಳಿಗೆ ಬಂದು ನಿಲ್ಲುತ್ತಿತ್ತು. ಬಂದಾಗೊಮ್ಮೆ ಬಾಯವ್ವ ಹುಣಸೆಹಣ್ಣು ಹಿಡಿದು ಒಳಗೆ ಹೋಗಿ ನವಿಲು ತಿಕ್ಕಿ ಬರುತ್ತಿದ್ದಳು.

ಸಿದ್ದರಾಮ ಬಂದ ಆ ದಿವಸ ಮಾತ್ರ ಗಾಡಿ ಸವದತ್ತಿಯಿಂದಲೇ ಯುಗಾದಿಯ ವ್ಯಾಪಾರಕ್ಕೆ ಕಿತ್ತೂರಿನ ಕಡೆ ಮುಖ ಮಾಡಿತು. ನನ್ನನ್ನು ದಾರಿಯಲ್ಲಿ ಇಳಿಸುತ್ತೇವೆ ಅಂದರು. ಹೊರಡುವ ಮುಂದೆ ಶೈಲಜಾ ಬಾಗಿಲಲ್ಲಿ ನಿಂತು, ಅಣ್ಣ ಹತ್ತಿದ ಬಸ್ಸಿನ ಕಿಡಕಿಯ ಕಡೆ ಕೈ ಬೀಸಿದಳು, ನಿಂತುಕೊಂಡೇ. ಅಮಾಸೆಯ ಹಿಂದಿನ ರವಿವಾರ, ಮಧ್ಯಾಹ್ನ ಒಂದೂವರೆಯ ರಾಮದುರ್ಗದ ಬಸ್ಸಿಗೆ, ಹೆಗಲ ಮೇಲೆ ಏನೂ ಇಲ್ಲದೆ, ಸಿದ್ದರಾಮ ಒಬ್ಬನೇ ಹೋದ.